ಓರೆ ಅಕ್ಷರದ ಚೆಲುವು ದೊಡ್ಡ ಗಾತ್ರದಲ್ಲೇ ಇರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿ ಹೊಸ ವಿನ್ಯಾಸದಲ್ಲಿ ಬರತೊಡಗಿದ ಮೇಲೆ ಅದರ ಪುಟಪುಟದಲ್ಲೂ ಎದ್ದು ಕಾಣುತ್ತಿರುವುದು ಒಂದು ಬಗೆಯ ಇಂಗ್ಲಿಷ್ ಓರೆ ಅಕ್ಷರ. ದಪ್ಪನೆಯ ನಿಲುಗೆರೆ, ಅದಕ್ಕೆ ಅಂಟಿಕೊಂಡೇ ಕೂದಲೆಳೆಯಷ್ಟು ಸಣ್ಣ ಗೆರೆ, ಬಲಕ್ಕೆ ಬಾಗಿದ ನಿಲುವು, ಬಾಲದ ತುದಿಯಲ್ಲಿ ಗುಂಡನೆಯ ಹನಿ: ಫ್ಯಾಷನ್ ಪತ್ರಿಕೆಗಳ ಮುಖಪುಟದಲ್ಲೂ ಒಡವೆ ಅಂಗಡಿಗಳ ಜಾಹೀರಾತಿನಲ್ಲೂ ನಾವೆಲ್ಲ ಕಂಡಿರುವ, ಇಟಲಿಯ ಮುದ್ರಕ ಬೊಡೋನಿಯ ಹೆಸರು ಹೊತ್ತ ಬೊಡೋನಿ ಇಟಾಲಿಕ್ (ಅಂದರೆ ಓರೆ) ವಂಶದ ಅಕ್ಷರವದು. ಅಕ್ಷರದ ಬಗ್ಗೆ ನನಗೆ ತಕರಾರಿಲ್ಲ, ಇರುವುದು ಮೆಚ್ಚುಗೆಯೇ. ತಕರಾರು ಇರುವುದು ಅದನ್ನು ಬಳಸಿರುವ ಗಾತ್ರದ ಬಗ್ಗೆ, ಮತ್ತು ಅದಕ್ಕೆ ಜೊತೆಯಾಗಲೆಂದು ಕನ್ನಡದ ತಲೆಬರಹಗಳನ್ನೂ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಬಲಕ್ಕೆ ವಾಲಿಸಿರುವ ಬಗ್ಗೆ. ಅಚ್ಚುಕೂಟದಲ್ಲಿ ಪುಟ ಕಟ್ಟುವ ಕೆಲಸದಲ್ಲೇ ಜೀವನ ಸಾಗಿಸಿರುವ ಓದುಗನೊಬ್ಬನ ಮಾತೆಂದು ತಾವು ಇದನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಓರೆ ಅಕ್ಷರ ಹುಟ್ಟಿದ್ದು ಮೆರೆಯುವುದಕ್ಕಲ್ಲ. 1501ರಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್, ಕೈಯಲ್ಲಿ ಹಿಡಿದು ಓದಬಹುದಾದ ಚಿಕ್ಕ ಆಕಾರದಲ್ಲಿ ರೋಮನ್ ಕವಿ ವರ್ಜಿಲನ ಕಾವ್ಯವನ್ನು ಹೊರತಂದಾಗ ಇಡೀ ಪುಸ್ತಕವನ್ನೇ ಈ ಅಕ್ಷರದಲ್ಲಿ ಜೋಡಿಸಿದ್ದ. ಅದರ ಅಚ್ಚಿನ ಮೊಳೆಗಳನ್ನು ಕೊರೆದವನು ಬೊಲೋನಿಯಾದ ಫ್ರಾಂಚೆಸ್ಕೊ ಗ್ರಿಫೊ. ಆ ಕಾಲದ ವಿದ್ವಾಂಸರೂ ಕಚೇರಿಯ ಬರಹಗಾರರೂ ಲೇಖನಿ ಎತ್ತದೆ ಸರಸರನೆ ಬರೆಯುತ್ತಿದ್ದ ಕೈಬರಹವೇ ಅದಕ್ಕೆ ಮಾದರಿಯಾಗಿತ್ತು. ಓರೆಯಾಗಿದ್ದವು ಸಣ್ಣಕ್ಷರಗಳು ಮಾತ್ರ. ದೊಡ್ಡಕ್ಷರಗಳು ನೆಟ್ಟಗೇ ಇದ್ದವು, ಅವು ಬಾಗಿದ್ದು ಅನಂತರದ ದಶಕಗಳಲ್ಲಿ. ನಮ್ಮ ಪ್ರಶ್ನೆಗೆ ಮುಖ್ಯವಾದ ಸಂಗತಿ ಇದರಲ್ಲೇ ಅಡಗಿದೆ. ಇಟಾಲಿಕ್ ಎಂಬುದು ನೆಟ್ಟಗಿನ ಅಕ್ಷರವನ್ನು ತಳ್ಳಿ ವಾಲಿಸಿದ ರೂಪವಲ್ಲ, ಬೇರೆಯೇ ಒಂದು ಬರವಣಿಗೆಯಿಂದ ಇಳಿದು ಬಂದ ಬೇರೆಯೇ ಅಕ್ಷರ. ಇಂಗ್ಲಿಷಿನ ಸಣ್ಣಕ್ಷರ ‘ಎ’ಯನ್ನೇ ನೋಡಿ: ನೆಟ್ಟಗಿನ ರೂಪದಲ್ಲಿ ಅದಕ್ಕೆ ಹೊಟ್ಟೆಯ ಮೇಲೊಂದು ಚಾವಣಿ ಇರುತ್ತದೆ, ಇಟಾಲಿಕ್‌ನಲ್ಲಿ ಆ ಚಾವಣಿ ಹೋಗಿ ಬರೀ ಹೊಟ್ಟೆ ಮತ್ತು ಬಾಲ ಉಳಿಯುತ್ತವೆ. ‘ಎಫ್’ ಅಕ್ಷರ ಗೆರೆಯ ಮೇಲೆ ನಿಲ್ಲುವುದನ್ನು ಬಿಟ್ಟು ಕೆಳಕ್ಕೂ ಬಾಲ ಚಾಚುತ್ತದೆ.

ದಪ್ಪ–ಸಣ್ಣ ಗೆರೆಗಳ ಈ ತೀವ್ರ ಅಂತರ ಬಂದದ್ದು 2 ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಮತ್ತು ಅದಕ್ಕೆ ಕಾಗದ ಮತ್ತು ಮಸಿ ಎರಡೂ ಸುಧಾರಿಸಬೇಕಾಯಿತು. ಮೊದಲು ಬರವಣಿಗೆ ಕಲಿಸುವ ಮೇಷ್ಟರಾಗಿದ್ದ, ಸಮಾಧಿ ಕಲ್ಲುಗಳ ಮೇಲೆ ಅಕ್ಷರ ಕೆತ್ತುತ್ತಿದ್ದ ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ 1757ರಲ್ಲಿ ತನ್ನ ಮೊದಲ ಪುಸ್ತಕವನ್ನು ಅಚ್ಚು ಹಾಕಿದಾಗ ನುಣುಪಾದ ಕಾಗದವನ್ನೂ ಕಡುಗಪ್ಪು ಮಸಿಯನ್ನೂ ಹೊಂದಿಸಿಕೊಂಡದ್ದಲ್ಲದೆ, ಅಚ್ಚಾದ ಹಾಳೆಗಳನ್ನು ಕಾದ ತಗಡುಗಳ ನಡುವೆ ಒತ್ತಿ ನಯಗೊಳಿಸಿದ. ಒರಟು ಕಾಗದದಲ್ಲಿ ಹರಡಿಕೊಂಡು ಹೋಗುತ್ತಿದ್ದ ಸಣ್ಣ ಗೆರೆ ಅಲ್ಲಿ ಸಣ್ಣದಾಗಿಯೇ ಉಳಿಯಿತು. ಪ್ಯಾರಿಸಿನಲ್ಲಿ 1784ರ ಹೊತ್ತಿಗೆ ಫರ್ಮಾಂ ದಿದೊ, ಇಟಲಿಯ ಪಾರ್ಮಾದ ರಾಜ ಮುದ್ರಣಾಲಯದಲ್ಲಿ ಜಂಬಾಟಿಸ್ಟಾ ಬೊಡೋನಿ ಇದನ್ನು ತುದಿಯವರೆಗೆ ಕೊಂಡೊಯ್ದರು. ತಾಮ್ರದ ತಗಡಿನ ಮೇಲೆ ಉಳಿಯಿಂದ ಕೊರೆದ ಬರಹವೂ, ಒತ್ತಿದರೆ ಅಗಲವಾಗಿ ಬಿಟ್ಟರೆ ಕಿರಿದಾಗುವ ಚೂಪು ಮೊನೆಯ ಲೇಖನಿಯೂ ಅವರ ಕಣ್ಣಮುಂದಿದ್ದವು. ಇಂಗ್ಲೆಂಡಿನ ಕವಿ, ವಿನ್ಯಾಸಕ, ಮುದ್ರಕ ವಿಲಿಯಂ ಮಾರಿಸ್‌ಗೆ ಮಾತ್ರ ಬೊಡೋನಿಯ ಅಕ್ಷರ ಕಂಡರಾಗುತ್ತಿರಲಿಲ್ಲ. ಇಷ್ಟು ಓದಲಾಗದ ಅಕ್ಷರ ಮತ್ತೊಂದಿಲ್ಲ ಎಂಬ ಅರ್ಥದಲ್ಲಿ ಅವನು ಹರಿಹಾಯ್ದಿದ್ದಾನೆ. ಮಾರಿಸ್ ಹೇಳಿದ್ದನ್ನು ಪುಸ್ತಕದ ಒಳಪುಟಗಳ ಮಟ್ಟಿಗೆ ಒಪ್ಪಬಹುದೇನೋ, ತಲೆಬರಹದ ಮಟ್ಟಿಗೆ ನಾನಂತೂ ಒಪ್ಪಲಾರೆ. ಅಂಗೈ ಅಗಲದ ಗಾತ್ರದಲ್ಲಿ ಅಚ್ಚಾದ ಬೊಡೋನಿ ಇಟಾಲಿಕ್‌ನ ‘ಕೆ’ ಅಕ್ಷರದಲ್ಲಿ ಸಣ್ಣ ಗೆರೆಯೊಂದು ನಿಲುಗೆರೆಯಿಂದ ಹೊರಟು, ಮೇಲಕ್ಕೆ ಸುತ್ತಿ, ಹನಿಯಲ್ಲಿ ಮುಗಿಯುವುದನ್ನು ನಿಧಾನವಾಗಿ ನೋಡಿದವರಿಗೆ ಅದರ ಚೆಲುವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಬೊಡೋನಿ ಒಂದೇ ಅಚ್ಚನ್ನು ಹಿಗ್ಗಿಸಿ ಕುಗ್ಗಿಸಿ ಎಲ್ಲ ಕಡೆ ಬಳಸಿದವನಲ್ಲ. ಸೀಸದ ಮೊಳೆಯ ಕಾಲದಲ್ಲಿ ಅದು ಸಾಧ್ಯವೂ ಇರಲಿಲ್ಲ. ಪ್ರತಿ ಗಾತ್ರಕ್ಕೂ ಪ್ರತ್ಯೇಕವಾಗಿ ಉಕ್ಕಿನ ಪಡಿಯಚ್ಚನ್ನು ಕೈಯಲ್ಲೇ ಕೊರೆಯಬೇಕಿತ್ತು, ಕೊರೆಯುವವನು ಚಿಕ್ಕ ಗಾತ್ರಕ್ಕೆ ಇಳಿದಂತೆಲ್ಲ ಸಣ್ಣ ಗೆರೆಯನ್ನು ತುಸು ದಪ್ಪ ಮಾಡಿ, ಅಕ್ಷರವನ್ನು ತುಸು ಅಗಲಿಸಿ, ನಡುವಿನ ಬಯಲನ್ನು ಹೆಚ್ಚಿಸುತ್ತಿದ್ದ. ಬೊಡೋನಿ ತೀರಿಕೊಂಡದ್ದು 1813ರಲ್ಲಿ; ಅವನ ಹೆಂಡತಿ ಮಾರ್ಗರಿಟಾ 1818ರಲ್ಲಿ ಹೊರತಂದ 2 ಸಂಪುಟಗಳ ‘ಮಾನುಆಲೆ ಟಿಪೊಗ್ರಾಫಿಕೊ’ ಎಂಬ ಅಕ್ಷರ ಮಾದರಿಗಳ ಪುಸ್ತಕದಲ್ಲಿ ನೆಟ್ಟಗಿನವೂ ಓರೆಯವೂ ಆದ ನೂರಕ್ಕೂ ಹೆಚ್ಚು ಮಾದರಿಗಳು ಗಾತ್ರದಿಂದ ಗಾತ್ರಕ್ಕೆ ಏರುತ್ತ ಹೋಗುತ್ತವೆ. ಫೋಟೋ ಕಂಪೋಸಿಂಗ್ ಬಂದಾಗ ಈ ತಿಳಿವಳಿಕೆ ಬದಿಗೆ ಸರಿಯಿತು. ಒಂದೇ ಚಿತ್ರವನ್ನು ಮಸೂರದಿಂದ ಬೇಕಾದಷ್ಟು ದೊಡ್ಡದು, ಬೇಕಾದಷ್ಟು ಚಿಕ್ಕದು ಮಾಡುವ ಅನುಕೂಲ ಸಿಕ್ಕಿತು. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿಯಲ್ಲಿ ಅದೇ ಅಭ್ಯಾಸ ಮುಂದುವರಿಯಿತು. ಕಳೆದುಹೋದದ್ದನ್ನು ಮರಳಿ ತರುವ ಕೆಲಸವೂ ನಡೆದಿದೆ. ಅಮೆರಿಕದ ಅಕ್ಷರ ವಿನ್ಯಾಸಕ ಸಮ್ನರ್ ಸ್ಟೋನ್ ಮತ್ತು ಸಂಗಡಿಗರು ಪಾರ್ಮಾಕ್ಕೆ ಹೋಗಿ ಬೊಡೋನಿಯ ಮೂಲ ಸಾಮಗ್ರಿಯನ್ನು ಕಣ್ಣಾರೆ ನೋಡಿ 1994ರಲ್ಲಿ ರೂಪಿಸಿದ ‘ಐಟಿಸಿ ಬೊಡೋನಿ’ ಎಂಬ ಫಾಂಟಿನಲ್ಲಿ ‘ಸಿಕ್ಸ್’, ‘ಟ್ವೆಲ್ವ್’, ‘ಸೆವೆಂಟಿ-ಟೂ’ ಎಂದು ಗಾತ್ರಕ್ಕೊಂದರಂತೆ 3 ಬೇರೆಬೇರೆ ಅಚ್ಚುಗಳಿವೆ. ನ್ಯೂಯಾರ್ಕಿನ ಜೊನಾಥನ್ ಹೋಫ್ಲರ್ ‘ಹಾರ್ಪರ್ಸ್ ಬಜಾರ್’ ಪತ್ರಿಕೆಗಾಗಿ 1990ರ ದಶಕದ ಆರಂಭದಲ್ಲಿ ಮಾಡಿಕೊಟ್ಟ ದಿದೊ ಅಕ್ಷರವಂತೂ 7 ಗಾತ್ರಗಳಿಗೆ 7 ಬಗೆಯಾಗಿದೆ. ಅತಿ ಸಣ್ಣದು 6 ಪಾಯಿಂಟಿನದು, ಅತಿ ದೊಡ್ಡದು 96 ಪಾಯಿಂಟಿನದು (ಪಾಯಿಂಟ್ ಎಂದರೆ ಅಕ್ಷರದ ಗಾತ್ರದ ಅಳತೆ, ಇಂಚಿನ 72ನೇ ಒಂದು ಭಾಗ). ಇವುಗಳಲ್ಲಿ 72 ಅಥವಾ 96 ಎಂಬ ಗುರುತಿರುವುದು ತಲೆಬರಹಕ್ಕೇ ಮೀಸಲು.

ತಮ್ಮ ಪುರವಣಿಯಲ್ಲಿ ಆಗಿರುವುದು ಇದರ ತಿರುವುಮುರುವು. ಮುಖಪುಟದಲ್ಲಿ, 4 ಕಾಲಂ ಅಗಲದಲ್ಲಿ, ಬಿಳಿ ಕಾಗದದ ಮೇಲೆ ಕಪ್ಪಾಗಿ ಅಚ್ಚಾದ ಓರೆ ಅಕ್ಷರ ನಿಜಕ್ಕೂ ಸೊಗಸಾಗಿದೆ, ಅದನ್ನು ಆರಿಸಿದವರನ್ನು ಅಭಿನಂದಿಸುತ್ತೇನೆ. ಅದೇ ಅಚ್ಚನ್ನು ಒಳಪುಟಗಳಲ್ಲಿ ಚಿತ್ರದ ಅಡಿಬರಹಕ್ಕೂ, ಬಾಕ್ಸ್ ಐಟಂಗಳೊಳಗಿನ ಇಂಗ್ಲಿಷ್ ಹೆಸರುಗಳಿಗೂ ಇಳಿಸಿದ್ದಾರೆ. ಲೆಕ್ಕ ಹಾಕಿ ನೋಡೋಣ. 72 ಪಾಯಿಂಟಿನಲ್ಲಿ ಅರ್ಧ ಪಾಯಿಂಟ್ ದಪ್ಪವಿರುವ ಸಣ್ಣ ಗೆರೆ, 9 ಪಾಯಿಂಟಿಗೆ ಇಳಿದಾಗ ಪಾಯಿಂಟಿನ 16ನೇ ಒಂದು ಭಾಗವಾಗುತ್ತದೆ. ಮಿಲಿಮೀಟರಿನಲ್ಲಿ ಹೇಳುವುದಾದರೆ ಸುಮಾರು 0.022. ಪತ್ರಿಕೆಯ ಪ್ಲೇಟನ್ನು ಲೇಸರಿನಿಂದ ಬರೆಯುವ ಯಂತ್ರ ಇಂಚಿಗೆ 1270 ಚುಕ್ಕೆಗಳ ದರದಲ್ಲಿ ಕೆಲಸ ಮಾಡಿದರೆ ಒಂದು ಚುಕ್ಕೆಯ ಅಗಲವೇ 0.02 ಮಿಲಿಮೀಟರ್. ಅಂದರೆ ಅಕ್ಷರದ ಅರ್ಧ ಅಂದವನ್ನು ಹೊತ್ತ ಆ ಗೆರೆ ಪ್ಲೇಟಿನ ಮೇಲೆ ಒಂದೇ ಒಂದು ಚುಕ್ಕೆಯ ಸಾಲಾಗಿ ಕೂರುತ್ತದೆ. ಪ್ಲೇಟಿನಿಂದ, ಮಸಿಯನ್ನು ಕಾಗದಕ್ಕೆ ದಾಟಿಸುವ ರಬ್ಬರ್ ಬ್ಲ್ಯಾಂಕೆಟ್ಟಿಗೆ, ಅಲ್ಲಿಂದ ಚದರ ಮೀಟರಿಗೆ 45 ಗ್ರಾಂ ಆಸುಪಾಸಿನ, ಮಸಿ ಹೀರುವ ನ್ಯೂಸ್‌ಪ್ರಿಂಟಿಗೆ ಅದು ಬರುವಷ್ಟರಲ್ಲಿ ಒಂದು ಕಡೆ ಹರಿದಿರುತ್ತದೆ, ಇನ್ನೊಂದು ಕಡೆ ಮಸಿ ಹರಡಿ ಊದಿಕೊಂಡಿರುತ್ತದೆ. ಓದುಗನ ಕಣ್ಣಿಗೆ ಬೀಳುವುದು ಬಿಡಿಬಿಡಿ ದಪ್ಪ ಕಡ್ಡಿಗಳು ಮಾತ್ರ, ಅವುಗಳನ್ನು ಜೋಡಿಸುವ ಗೆರೆಯೇ ಮಾಯ. ಇಂಗ್ಲಿಷಿನ ‘ಎನ್’, ‘ಯು’, ‘ಎಂ’ ಅಕ್ಷರಗಳು ಅಲ್ಲಿ ಒಂದಕ್ಕೊಂದು ಗುರುತು ಸಿಗದಂತಾಗುತ್ತವೆ.

ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟಿರುವ ಪುಟಗಳ ಪಾಡು ಇನ್ನೂ ಕಷ್ಟ. ನಾಲ್ಕು ಬಣ್ಣಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತರೆ ಮಾತ್ರ ಬಿಳಿ ಗೆರೆ ಬಿಳಿಯಾಗಿ ಉಳಿಯುತ್ತದೆ. ಓಡುವ ರೋಟರಿ ಯಂತ್ರದಲ್ಲಿ ಕಾಗದ ಒಂದಿಷ್ಟು ಸರಿದರೂ ನೀಲಿಯೋ ಕೆಂಪೋ ಆ ಸಣ್ಣ ಸಂದಿಗೆ ನುಗ್ಗಿಬಿಡುತ್ತದೆ. ಇದು ಯಂತ್ರ ನಡೆಸುವವರ ತಪ್ಪಲ್ಲ. ಪತ್ರಿಕೆ ಅಚ್ಚಾಗುವ ವೇಗದಲ್ಲಿ ಅಷ್ಟು ಅತ್ತಿತ್ತ ಆಗಿಯೇ ಆಗುತ್ತದೆಂದು ತಿಳಿದೇ ಪುಟ ಕಟ್ಟಬೇಕು. ಲಗ್ನಪತ್ರಿಕೆ ಮಾಡಿಸಲು ಬರುವವರಿಗೆ ಅಚ್ಚುಕೂಟಗಳಲ್ಲಿ ಹೇಳುವ ಮಾತೂ ಇದೇ. ಬಂಗಾರದ ಫಾಯಿಲ್‌ನಲ್ಲಿ ವಧೂವರರ ಹೆಸರು ಈ ಅಕ್ಷರದಲ್ಲಿ ದೊಡ್ಡದಾಗಿ ಬರಲಿ, ಚೆನ್ನಾಗಿರುತ್ತದೆ. ಕಲ್ಯಾಣ ಮಂಟಪದ ವಿಳಾಸಕ್ಕೆ ಬೇಡ, ಫಾಯಿಲ್ ಕಿತ್ತು ಬರುತ್ತದೆ.

ಇಷ್ಟಾದರೂ ಇಂಗ್ಲಿಷ್ ಅಕ್ಷರದ ತೊಂದರೆಯನ್ನು ಸರಿಪಡಿಸುವುದು ಸುಲಭ. ನನ್ನನ್ನು ಹೆಚ್ಚು ಕಾಡುತ್ತಿರುವುದು ಕನ್ನಡ. ಕನ್ನಡದ ಬಹುಪಾಲು ಫಾಂಟ್‌ಗಳಲ್ಲಿ ಓರೆ ಅಕ್ಷರವೆಂಬ ಪ್ರತ್ಯೇಕ ಅಚ್ಚು ಇಲ್ಲ. ಇಲ್ಲದಿದ್ದರೂ ಪುಟವಿನ್ಯಾಸದ ತಂತ್ರಾಂಶ ಸುಮ್ಮನಿರುವುದಿಲ್ಲ, ಇರುವ ನೆಟ್ಟಗಿನ ಅಕ್ಷರವನ್ನೇ ಹಿಡಿದು ವಾಲಿಸಿ ಕೊಡುತ್ತದೆ. ರೋಮನ್ ಅಕ್ಷರಗಳಲ್ಲಿ ನೆಟ್ಟನೆಯ ಕಡ್ಡಿಗಳು ಹೆಚ್ಚು. ಹಾಗೆ ವಾಲಿಸಿದಾಗಲೂ ಅವು ಹೇಗೋ ಬಚಾವಾಗುತ್ತವೆ. ಕನ್ನಡದಲ್ಲಿರುವುದು ಬಹುಮಟ್ಟಿಗೆ ಗುಂಡು. ವೃತ್ತವೊಂದನ್ನು ಬಲಕ್ಕೆ ತಳ್ಳಿದರೆ ಅದು ಮೇಲ್ಬಲದ ಕಡೆಗೆ ಉದ್ದವಾದ ಅಂಡಾಕಾರವಾಗುತ್ತದೆ, ಅದರ ಗೆರೆ ಮೇಲ್ಬಲ ಮತ್ತು ಕೆಳ ಎಡ ಮೂಲೆಗಳಲ್ಲಿ ಉಬ್ಬಿ, ಮೇಲೆಡ ಮತ್ತು ಕೆಳ ಬಲ ಮೂಲೆಗಳಲ್ಲಿ ಸವೆದುಹೋಗುತ್ತದೆ. ಸೊನ್ನೆ, ಠಕಾರ, ರಕಾರಗಳನ್ನು ವಾಲಿಸಿ ದೊಡ್ಡದು ಮಾಡಿ ನೋಡಿದರೆ ಈ ಉಬ್ಬುತಗ್ಗು ಯಾರ ಕಣ್ಣಿಗಾದರೂ ಬೀಳುತ್ತದೆ. ಇಟಾಲಿಕ್‌ನ ದಪ್ಪ–ಸಣ್ಣ ಗೆರೆಗಳಿಗೆ ಲೇಖನಿಯ ಚಲನೆಯಲ್ಲಿ ಒಂದು ಕಾರಣವಿದೆ. ಇಲ್ಲಿನ ದಪ್ಪ–ಸಣ್ಣಕ್ಕೆ ಗಣಿತದ ಹೊರತು ಬೇರೆ ಕಾರಣವಿಲ್ಲ.

ಒತ್ತಕ್ಷರಗಳ ಕಥೆ ಬೇರೆಯೇ. ಅಕ್ಷರವನ್ನು ವಾಲಿಸುವುದು ಅದು ನಿಂತ ಗೆರೆಯನ್ನು ಹಿಡಿದು. ಆದ್ದರಿಂದ ಗೆರೆಯ ಮೇಲಿರುವುದೆಲ್ಲ ಬಲಕ್ಕೂ, ಕೆಳಗಿರುವುದೆಲ್ಲ ಎಡಕ್ಕೂ ಸರಿಯುತ್ತದೆ. ತಮ್ಮ ಪುರವಣಿಯ ತಲೆಬರಹವೊಂದರಲ್ಲಿದ್ದ ‘ಸ್ವಾತಂತ್ರ್ಯ’ ಎಂಬ ಪದವನ್ನೇ ತೆಗೆದುಕೊಳ್ಳುತ್ತೇನೆ. ಕೊನೆಯ ಅಕ್ಷರದಲ್ಲಿ ತಕಾರಕ್ಕೆ ರಕಾರ, ಯಕಾರ ಎರಡು ಒತ್ತುಗಳಿವೆ. 72 ಪಾಯಿಂಟಿನ ಅಕ್ಷರವನ್ನು 14 ಡಿಗ್ರಿ ವಾಲಿಸಿದಾಗ, ಗೆರೆಯಿಂದ 24 ಪಾಯಿಂಟ್ ಕೆಳಗಿರುವ ಒತ್ತಿನ ಭಾಗ 6 ಪಾಯಿಂಟ್ ಎಡಕ್ಕೆ ಹೋಗುತ್ತದೆ, 40 ಪಾಯಿಂಟ್ ಮೇಲಿರುವ ತಲೆಕಟ್ಟು 10 ಪಾಯಿಂಟ್ ಬಲಕ್ಕೆ ಹೋಗುತ್ತದೆ. ಒಂದರ ಮೇಲೊಂದು ನಿಲ್ಲಬೇಕಾದ ತಲೆಗೂ ಒತ್ತಿಗೂ ನಡುವೆ 16 ಪಾಯಿಂಟ್, ಅಂದರೆ ಐದೂವರೆ ಮಿಲಿಮೀಟರಿಗೂ ಹೆಚ್ಚಿನ ಅಂತರ ಬಿದ್ದಂತಾಯಿತು. ಒತ್ತು ತನ್ನ ಅಕ್ಷರವನ್ನು ಬಿಟ್ಟು ಹಿಂದಿನ ಅಕ್ಷರದ ಮಗ್ಗುಲಿಗೆ ಸರಿದಂತೆ ಕಾಣುವುದು ಈ ಕಾರಣದಿಂದ. ಓದು ಕಲಿಯುತ್ತಿರುವ ಮಕ್ಕಳೂ ಈ ಪುರವಣಿಯ ಮಕ್ಕಳ ಪುಟವನ್ನು ನೋಡುತ್ತಾರೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ, ಅಲ್ಲಿಯೂ ಇದೇ ವಾಲಿಕೆ ಇದೆ.

ಹಾಗಾದರೆ ಕನ್ನಡಕ್ಕೆ ಇಂಥ ಅಂದದ ಓರೆ ಅಕ್ಷರ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು, ಆದರೆ ಅದನ್ನು ಬರೆಯಬೇಕು. ವೆನಿಸಿನ ಇಟಾಲಿಕ್ ಅವಸರದ ಕೈಬರಹದಿಂದ ಬಂದಂತೆ, ನಮ್ಮಲ್ಲೂ ಶಾನುಭೋಗರು ಲೆಕ್ಕಪತ್ರಗಳಲ್ಲಿ ಬಳಸುತ್ತಿದ್ದ ಮೋಡಿ ಬರಹವಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಚಿದ ಕಡತಗಳಲ್ಲಿ ಬಳಪದಿಂದ ಬರೆದ ಆ ಅಕ್ಷರಗಳು ಒಂದರಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತವೆ; ಯಾವ ಗುಂಡನ್ನು ಬಿಚ್ಚಬಹುದು, ಯಾವ ತಲೆಕಟ್ಟನ್ನು ಎಳೆದು ಮುಂದಿನ ಅಕ್ಷರಕ್ಕೆ ಸೇರಿಸಬಹುದು ಎಂಬುದಕ್ಕೆ ಅಲ್ಲಿ ಉತ್ತರಗಳಿವೆ. ಬಳಪದ ಗೆರೆಯಲ್ಲಿ ದಪ್ಪ–ಸಣ್ಣ ಇರುವುದಿಲ್ಲ, ನಿಜ. ಅದನ್ನು ಕುಂಚದಿಂದ ಕಲಿಯಬೇಕು. ಫ್ಲೆಕ್ಸ್ ಬರುವ ಮುನ್ನ ನಮ್ಮ ಊರುಗಳಲ್ಲಿ ಬೋರ್ಡು ಬರೆಯುತ್ತಿದ್ದವರು, ಸಿನಿಮಾ ಪೋಸ್ಟರುಗಳಿಗೂ ವಾರಪತ್ರಿಕೆಗಳ ಧಾರಾವಾಹಿಗಳಿಗೂ ಶೀರ್ಷಿಕೆ ಬರೆಯುತ್ತಿದ್ದ ಕಲಾವಿದರು ಓರೆ ಕನ್ನಡವನ್ನು ಕುಂಚದ ಒಂದೊಂದೇ ಬೀಸಿನಲ್ಲಿ ಮೂಡಿಸುತ್ತಿದ್ದರು. ಅವರ ಕೈಯಲ್ಲಿ ಒತ್ತಕ್ಷರ ಎಂದೂ ದಾರಿ ತಪ್ಪಿದ್ದಿಲ್ಲ, ಯಾಕೆಂದರೆ ಅಕ್ಷರ ಎಷ್ಟು ಬಾಗಿದರೆ ಒತ್ತು ಎಲ್ಲಿ ಕೂರಬೇಕೆಂಬುದನ್ನು ಅವರು ಪ್ರತಿ ಸಲವೂ ಕಣ್ಣಳತೆಯಲ್ಲೇ ನಿರ್ಧರಿಸುತ್ತಿದ್ದರು.

ಇದನ್ನು ಫಾಂಟ್ ಆಗಿ ಮಾಡುವುದು ದುಬಾರಿ ಕೆಲಸ ಎಂಬುದು ನನಗೂ ಗೊತ್ತು. ಇಂಗ್ಲಿಷಿಗೆ 26 ಸಣ್ಣಕ್ಷರ, 26 ದೊಡ್ಡಕ್ಷರ, ಅಂಕಿ, ಚಿಹ್ನೆಗಳಾದರೆ ಬಹುಮಟ್ಟಿಗೆ ಕೆಲಸ ಮುಗಿಯಿತು. 49 ಅಕ್ಷರಗಳ ನಮ್ಮ ವರ್ಣಮಾಲೆಗೆ ಕಾಗುಣಿತ, ಒತ್ತು ಎಲ್ಲ ಸೇರಿದರೆ ನೂರಾರು ರೂಪಗಳನ್ನು ಬರೆಯಬೇಕು. ಆದರೂ ಕೆಲಸ ನಡೆದಿಲ್ಲವೆಂದಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನ ಸಂಸ್ಥೆ ಭಾರತದ ಹಳೆಯ ಸಾಹಿತ್ಯದ ಪುಸ್ತಕಮಾಲೆಯಾದ ಮೂರ್ತಿ ಕ್ಲಾಸಿಕಲ್ ಲೈಬ್ರರಿಗಾಗಿ ಮಾಡಿಸಿದ ಟೀರೊ ಕನ್ನಡ ಫಾಂಟಿನಲ್ಲಿ ನೆಟ್ಟಗಿನದರ ಜೊತೆಗೆ ಓರೆಯ ಅಚ್ಚೂ ಇದೆ ಮತ್ತು ಅದು ಉಚಿತವಾಗಿ ಸಿಗುತ್ತದೆ; ಆದರೆ ಅದು ಪುಸ್ತಕದ ಒಳಪುಟಕ್ಕೆ ಮಾಡಿದ್ದು. ತಲೆಬರಹಕ್ಕೆಂದೇ ಮಾಡಿದ ‘ಬಲೂ ತಮ್ಮ’, ತೀರ ತೆಳುವಿನಿಂದ ತೀರ ದಪ್ಪದವರೆಗೆ ಹಿಗ್ಗುವ ‘ಅನೇಕ್ ಕನ್ನಡ’ ಇವೆಲ್ಲ ಒಳ್ಳೆಯ ಅಕ್ಷರಗಳೇ, ಎರಡೂ ನೆಟ್ಟಗೆ ನಿಂತವು, ಗೆರೆಯ ದಪ್ಪ ಹೆಚ್ಚುಕಡಿಮೆ ಒಂದೇ ಆಗಿರುವಂಥವು. ದಪ್ಪ–ಸಣ್ಣದ ಅಂತರವನ್ನು ದಿಟ್ಟವಾಗಿ ಹಿಡಿದ, ತಲೆಬರಹಕ್ಕೆ ಮೀಸಲಾದ ಓರೆ ಕನ್ನಡದ ಜಾಗ ಇನ್ನೂ ಖಾಲಿ ಇದೆ ಎಂದೇ ನನ್ನ ಅನಿಸಿಕೆ. ಪತ್ರಿಕೆಯೊಂದು ಮನಸ್ಸು ಮಾಡಿದರೆ ಇಡೀ ಫಾಂಟನ್ನು ಒಂದೇ ಸಲಕ್ಕೆ ಮಾಡಿಸಬೇಕಾಗಿಯೂ ಇಲ್ಲ. ಪುರವಣಿಯ ಹೆಸರು, ಖಾಯಂ ಅಂಕಣಗಳ ಹೆಸರುಗಳು, ವಾರದ ಮುಖ್ಯ ಲೇಖನದ ಶೀರ್ಷಿಕೆ ಇಷ್ಟನ್ನು ಕೈಯಲ್ಲಿ ಬರೆಸಿದರೆ ಸಾಕು. ಅದರಿಂದಲೇ ಮುಂದೆ ಫಾಂಟಿಗೆ ಬೇಕಾದ ರೂಪಗಳು ಒಂದೊಂದಾಗಿ ಕೂಡಿಬರುತ್ತವೆ.

ತಮ್ಮ ವಿನ್ಯಾಸ ವಿಭಾಗ ಕೂಡಲೇ ಮಾಡಬಹುದಾದ ಕೆಲಸಗಳೂ ಇವೆ. ಬೊಡೋನಿಯಂಥ ಓರೆ ಅಕ್ಷರವನ್ನು 36 ಪಾಯಿಂಟಿಗಿಂತ ಕೆಳಗೆ ಇಳಿಸದಿರುವುದು, ಬಣ್ಣದ ಮೇಲೆ ಬಿಳಿಯಾಗಿ ಬಿಡದಿರುವುದು ನನ್ನ ಸಲಹೆ. ಅಡಿಬರಹಕ್ಕೂ ಇಟಾಲಿಕ್ಕೇ ಬೇಕೆಂದಿದ್ದರೆ ಅದೇ ವಂಶದಲ್ಲಿ ಚಿಕ್ಕ ಗಾತ್ರಕ್ಕೆಂದು ಬೇರೆಯಾಗಿ ಮಾಡಿದ ಅಚ್ಚು ಸಿಗುತ್ತದೆ. ಹಣ ಕೊಟ್ಟು ಕೊಳ್ಳುವುದು ಕಷ್ಟವಾದರೆ, ಡೆನ್ಮಾರ್ಕಿನ ಕ್ಲಾಸ್ ಎಗರ್ಸ್ ಸೋರೆನ್ಸನ್ 2011ರಲ್ಲಿ ಉಚಿತವಾಗಿ ಬಿಟ್ಟ ಪ್ಲೇಫೇರ್ ಡಿಸ್‌ಪ್ಲೇ ಫಾಂಟಿನ ಈಚಿನ ಆವೃತ್ತಿಯಾದ ‘ಪ್ಲೇಫೇರ್’ನಲ್ಲಿ ಗಾತ್ರಕ್ಕೆ ತಕ್ಕಂತೆ ಸಣ್ಣ ಗೆರೆಯನ್ನು ತಾನೇ ದಪ್ಪಗೊಳಿಸಿಕೊಳ್ಳುವ ಅನುಕೂಲವಿದೆ. ಕನ್ನಡದಲ್ಲಿ ಒತ್ತು ಕೊಡಬೇಕಾದ ಮಾತಿಗೆ ಮೊದಲಿನಂತೆ ದಪ್ಪಕ್ಷರವೋ ಉದ್ಧರಣ ಚಿಹ್ನೆಯೋ ಸಾಕು. ಜಾಲತಾಣದ ಆವೃತ್ತಿಯಲ್ಲೂ ಇದೇ ದೋಷವಿದೆ: ಅಲ್ಲಿ ಕನ್ನಡವನ್ನು ವಾಲಿಸುತ್ತಿರುವುದು ಓದುಗರ ಬ್ರೌಸರ್. ಪುಟದ ಶೈಲಿಯ ಕಡತದಲ್ಲಿ ‘ಫಾಂಟ್-ಸಿಂಥೆಸಿಸ್’ (font-synthesis) ಎಂಬ ಸೂಚನೆಗೆ ‘ನನ್’ (none) ಎಂದು ಬರೆದರೆ, ಇಲ್ಲದ ಓರೆ ಅಕ್ಷರವನ್ನು ಬ್ರೌಸರ್ ತಾನಾಗಿ ಹುಟ್ಟಿಸುವುದು ನಿಲ್ಲುತ್ತದೆ. ಒಂದು ಸಾಲಿನ ಕೆಲಸ, ದಯವಿಟ್ಟು ಮಾಡಿಸಿ.

ದೀಪಾವಳಿ ವಿಶೇಷಾಂಕದ ತಯಾರಿ ತಮ್ಮಲ್ಲಿ ತಿಂಗಳುಗಳ ಮೊದಲೇ ಶುರುವಾಗುತ್ತದೆಂದು ಬಲ್ಲೆ. ಈ ಸಲದ ಮುಖಪುಟಕ್ಕೂ ಕಥೆ, ಕವಿತೆ, ಪ್ರಬಂಧ ವಿಭಾಗಗಳ ಶೀರ್ಷಿಕೆಗಳಿಗೂ ಕೈಬರಹದ ಕಲಾವಿದರೊಬ್ಬರಿಂದ ಕುಂಚದಲ್ಲಿ ಓರೆ ಕನ್ನಡ ಬರೆಸಿ, ಚಿತ್ರ ಬರೆದವರ ಹೆಸರಿನ ಪಕ್ಕದಲ್ಲಿ ಅಕ್ಷರ ಬರೆದವರ ಹೆಸರನ್ನೂ ಅಚ್ಚು ಹಾಕಬೇಕೆಂದು ಕೋರುತ್ತೇನೆ. ವಿಶೇಷಾಂಕದ ಕಾಗದ ನ್ಯೂಸ್‌ಪ್ರಿಂಟಿಗಿಂತ ನುಣುಪಾಗಿರುವುದರಿಂದ ಸಣ್ಣ ಗೆರೆಗಳೂ ಅಲ್ಲಿ ನಿಲ್ಲುತ್ತವೆ.

ಇಂತಿ ತಮ್ಮ ವಿಶ್ವಾಸಿ,
ಅಚ್ಚುಕೂಟವೊಂದರ ಪುಟವಿನ್ಯಾಸಕ,
ಗದಗ